ಮಾಡಿಫೈ ಆಗಿರೋ ಹಳೇ ಹೋಂಡಾ ಸಿಟಿ ವಿಟೆಕ್: ಪಾರ್ಟ್ಸ್ ಎಲ್ಲಿ ಹುಡುಕೋದು?

ತುಮಕೂರು_ಟೈಪ್2

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಒಂದು 2002ರ ಹೋಂಡಾ ಸಿಟಿ 1.5 ವಿಟೆಕ್ ತಗೊಂಡಿದ್ದೇನೆ. ಟೈಪ್ 2 (ಮುಖ ಬದಲಾದ ಎರಡನೇ ರೂಪ), ಬೆಂಗಳೂರು ರಿಜಿಸ್ಟ್ರೇಷನ್. ತುಕ್ಕು ಕಡಿಮೆ, ಇಂಜಿನ್ ಸದ್ದು ಚೆನ್ನಾಗಿದೆ, ಅದಕ್ಕೇ ಮನಸೋತು ತಗೊಂಡೆ. ಆದರೆ ಕಾರು ಸ್ಟಾಕ್ ಅಲ್ಲ, ಅಂದರೆ ಕಂಪನಿಯಿಂದ ಬಂದ ಹಾಗಿಲ್ಲ. ಹಿಂದಿನ ಓನರ್‌ಗಳಲ್ಲಿ ಯಾರೋ ಒಬ್ಬರು ಸಕತ್ ಖರ್ಚು ಮಾಡಿದ್ದಾರೆ. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಹಾಕಿ ಇಳಿಸಿದ್ದಾರೆ, 15 ಇಂಚಿನ ಅಲಾಯ್ ಚಕ್ರ, ಹೆಡರ್ (ಹೊರಗಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್), ಪಾಡ್ ಫಿಲ್ಟರ್ (ಬಾಕ್ಸ್ ಇಲ್ಲದ ಏರ್ ಫಿಲ್ಟರ್), ಮುಂದೆ ದೊಡ್ಡ ಡಿಸ್ಕ್ ಬ್ರೇಕು. ಯಾವುದಕ್ಕೂ ಬಿಲ್ ಇಲ್ಲ, ಬಾಕ್ಸ್ ಇಲ್ಲ. ನನಗೆ ಮಾರಿದವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ, "ನಾನು ತಗೊಂಡಾಗಲೇ ಹೀಗಿತ್ತು" ಅಂತಾರೆ.

ಈಗಿನ ತಲೆನೋವು ಇಷ್ಟು. ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಸಿಟಿದು ತಂದರೆ ಕೂರುವುದೇ ಇಲ್ಲ. ಎಡಗಡೆ ಕಾಯಿಲೋವರ್‌ನಿಂದ ಎಣ್ಣೆ ಸೋರುತ್ತಿದೆ. ಬಲಗಡೆ ಹೆಡ್‌ಲೈಟ್ ಒಡೆದಿದೆ. 90 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ. ಎಲ್ಲಕ್ಕಿಂತ ಬೇಜಾರಿನ ವಿಷಯ ಅಂದರೆ ವಿಟೆಕ್ (ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಹೆಚ್ಚು ತೆರೆಸುವ ಹೋಂಡಾ ವ್ಯವಸ್ಥೆ) ಏಳುತ್ತಿಲ್ಲ. ಟೆಸ್ಟ್ ಡ್ರೈವ್ ದಿನ ಮೇಲಿನ ಆರ್‌ಪಿಎಂನಲ್ಲಿ ಸದ್ದು ಬದಲಾಗಿ ಎಳೆಯುತ್ತಿತ್ತು, ಈಗ ಸುಮ್ನೆ ಮಂಕಾಗಿ ಹೋಗುತ್ತದೆ. ಮೆಕ್ಯಾನಿಕ್ ವಿಟೆಕ್‌ಗೆ ಆಯಿಲ್ ಬಿಡುವ ಸೊಲೆನಾಯ್ಡೂ, ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರೂ ಎರಡೂ ಬದಲಿಸಿ ಅಂದರು, ಎಲ್ಲಿ ಸಿಗುತ್ತದೆ ಅಂದರೆ "ನೀವೇ ತನ್ನಿ" ಅಂದರು.

ಜಪಾನಿನ ಹರಾಜು ಸೈಟ್‌ನಲ್ಲಿ ಹೋಂಡಾ ಸಿಟಿ ಅಂತ ಹುಡುಕಿದೆ. ಬರೋದೆಲ್ಲ ಡಬ್ಬಿ ಥರದ ಪುಟ್ಟ ಎರಡು ಬಾಗಿಲಿನ ಕಾರಿನ ಸಾಮಾನು. ಏನು ವಿಷಯ ಇದು? ಇದೇ ಕಾರು ಇಟ್ಟುಕೊಂಡಿರೋರು ಪಾರ್ಟ್ಸ್ ಎಲ್ಲಿಂದ ತರಿಸ್ತೀರಾ, ಸ್ವಲ್ಪ ಹೇಳಿ.

ಗುಜರಿ_ಗುರು, ಬೆಂಗಳೂರು

ಒಳ್ಳೇ ಕಾರು ಗುರು, ಜೋಪಾನ.

ಮೊದಲು ಜಪಾನ್ ವಿಷಯ ಮುಗಿಸೋಣ. ನಿಮ್ಮ ಸಿಟಿ ಜಪಾನಿನಲ್ಲಿ ಮಾರಾಟವೇ ಆಗಿಲ್ಲ. ಅಲ್ಲಿ ಸಿಟಿ ಅಂತ ಬಂದಿದ್ದು 1981ರಲ್ಲಿ, ಅದೇ ನೀವು ನೋಡಿದ ಪುಟ್ಟ ಕಾರು, ಅದರದ್ದು ಟರ್ಬೊ ಕೂಡ ಇತ್ತು. 1994ಕ್ಕೆ ಅಲ್ಲಿ ಆ ಹೆಸರು ನಿಂತಿತು. ನಮ್ಮದು ಹೋಂಡಾ ಏಷ್ಯಾದ ಮಾರುಕಟ್ಟೆಗೆ ಅಂತಲೇ ಮಾಡಿದ ಸೆಡಾನ್. 1996ರಲ್ಲಿ ಥಾಯ್ಲೆಂಡಿನಲ್ಲಿ ಶುರುವಾಯಿತು, 1998ಕ್ಕೆ ಇಲ್ಲಿಗೆ ಬಂತು, 2003ರಲ್ಲಿ ಅದರ ಮುಂದಿನ ತಲೆಮಾರು, ಜನ ಡಾಲ್ಫಿನ್ ಅನ್ನೋ ಸಿಟಿ, ಬಂದ ಮೇಲೆ ಇಲ್ಲಿ ನಿಂತಿತು. ಹಾಗಾಗಿ ಬಾಡಿ, ಲೈಟು, ಬಂಪರ್, ಡ್ಯಾಶ್‌ಬೋರ್ಡ್ ಜಪಾನಿನಲ್ಲಿ ವರ್ಷವಿಡೀ ಹುಡುಕಿದರೂ ಸಿಗಲ್ಲ. ಇಂಜಿನ್ ಮಾತ್ರ ಬೇರೆ ಕಥೆ. ನಿಮ್ಮದು ಡಿ15ಬಿ, ಅದರ ಅಣ್ಣತಮ್ಮಂದಿರು ಜಪಾನಿನ ಸಿವಿಕ್‌ಗಳಲ್ಲಿ ಬೇಕಾದಷ್ಟು ಇದ್ದಾರೆ. ಅಲ್ಲೂ ಹುಷಾರು, ಡಿ15ಬಿ ಅಂತ ಹಾಕಿದ್ದೆಲ್ಲ ವಿಟೆಕ್ ಅಲ್ಲ. ವಿಟೆಕ್ ಇಲ್ಲದ್ದೂ ಇದೆ, ಮೂರು ಹಂತದ ವಿಟೆಕ್ಕೂ ಇದೆ, 90ರ ದಶಕದ ಸಿವಿಕ್ ವಿಟಿಐನ 130 ಪಿಎಸ್‌ನದ್ದೂ ಇದೆ. ನಮ್ಮ ಸಿಟಿದು 106 ಬಿಎಚ್‌ಪಿ. ಹೆಸರು ಒಂದೇ ಅಂತ ಸೆನ್ಸರ್, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಎಲ್ಲ ಒಂದೇ ಆಗಿರಲ್ಲ.

ಇನ್ನು ಊರಿನ ವಿಷಯ. ಬೆಂಗಳೂರಿನಲ್ಲಿ ಗಾಡಿ ಸಾಮಾನಿನ ಅಂಗಡಿಗಳಿರೋ ಜೆಸಿ ರೋಡ್‌ಗೆ ಹೋಗಿ "ಸಿಟಿ ವಿಟೆಕ್ ಸಾಮಾನು ಕೊಡಿ" ಅಂದರೆ ಆಮೇಲೆ ಬಂದ ಸಿಟಿ ಝಡ್‌ಎಕ್ಸ್ ವಿಟೆಕ್‌ದು ಕೊಟ್ಟು ಕಳಿಸುತ್ತಾರೆ, ಇಲ್ಲ ಅದಕ್ಕಿಂತ ಹೊಸದರದ್ದು. ಕೌಂಟರ್‌ನಲ್ಲಿ "ಟೈಪ್ 2, ಹಳೇ ಓಎಚ್‌ಸಿ ವಿಟೆಕ್" ಅಂತ ಹೇಳಿ. ಅದಕ್ಕಿಂತ ಒಳ್ಳೇದು ಪಾರ್ಟ್ ನಂಬರ್ ತಗೊಂಡು ಹೋಗೋದು. ಹೋಂಡಾ ನಂಬರ್‌ನಲ್ಲಿ ಮೊದಲ ಐದು ಅಂಕಿ ಅದು ಯಾವ ಸಾಮಾನು ಅಂತ ಹೇಳುತ್ತದೆ, ನಡುವಿನ ಮೂರು ಯಾವ ಗಾಡಿ ಅಥವಾ ಇಂಜಿನ್‌ಗೆ ಅಂತ ಹೇಳುತ್ತದೆ. 45022 ಅಂದರೆ ಮುಂದಿನ ಬ್ರೇಕ್ ಪ್ಯಾಡ್, 12251 ಅಂದರೆ ಹೆಡ್ ಗ್ಯಾಸ್ಕೆಟ್, 15810 ಅಂದರೆ ವಿಟೆಕ್ ಸೊಲೆನಾಯ್ಡ್, 37820 ಅಂದರೆ ಇಸಿಯು. ಇದು ತಲೆಯಲ್ಲಿ ಕೂತರೆ ಯಾವ ದೇಶದ ಸೈಟ್‌ನಲ್ಲಿ ಬೇಕಾದರೂ ಹುಡುಕಬಹುದು, ಭಾಷೆ ಬೇಕಿಲ್ಲ. ಆ ನಂಬರ್ ಹಾಕಿ ಬೂಡ್‌ಮೋ ಅನ್ನೋ ಪಾರ್ಟ್ಸ್ ಸೈಟ್‌ನಲ್ಲಿ ನೋಡಿ, ಇಲ್ಲದಿದ್ದರೆ ಪಾರ್ಟ್‌ಸೌಕ್, ಅಮಾಯಾಮಾದಲ್ಲಿ ನೋಡಿ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಫಿಲ್ಟರ್, ಕ್ಲಚ್ ಇವಕ್ಕೆಲ್ಲ ಹೊಸ ಆಫ್ಟರ್‌ಮಾರ್ಕೆಟ್ ಸಾಮಾನೇ ಹಾಕಿ, ಸೆಕೆಂಡ್ ಹ್ಯಾಂಡ್ ಕಡೆ ತಲೆ ಹಾಕಬೇಡಿ. ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲ ಅಂದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಮಾಡಿಸಿ, ಕಟ್ ಆದರೆ ವಾಲ್ವ್ ಬಾಗುತ್ತದೆ.

ಸ್ಟಾಕ್ ಪೀಸ್‌ಗಳಿಗೆ ಶಿವಾಜಿನಗರದ ಗುಜರಿ ಒಮ್ಮೆ ಸುತ್ತಿ. ಚೆನ್ನೈ ಪುದುಪೇಟೆ, ಮುಂಬೈ ಕುರ್ಲಾ, ದೆಹಲಿ ಮಾಯಾಪುರಿ ಕೂಡ ಇದಕ್ಕೇ ಹೆಸರು. ಬರಿ ಫೋನ್‌ನಲ್ಲಿ ಮಾತಾಡಿ ದುಡ್ಡು ಕಳಿಸಬೇಡಿ, ವಿಡಿಯೋ ಕಾಲ್‌ನಲ್ಲಿ ಸಾಮಾನು ತಿರುಗಿಸಿ ತೋರಿಸಿ ಅನ್ನಿ.

ಬ್ರೇಕ್ ವಿಷಯಕ್ಕೆ ಅಂಗಡಿಗೆ ಹೋಗೋ ಮುಂಚೆ ಡಿಸ್ಕ್ ಅಳೆಯಿರಿ. ಟೇಪ್ ಸಾಕು. ಅಳತೆ ಬರೆದು ಹಾಕಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿ_ಪಾನಾ

ಡಿಸ್ಟ್ರಿಬ್ಯೂಟರ್ ತರಬೇಡ್ರಿ ಸರ್. ಡಿಸ್ಟ್ರಿಬ್ಯೂಟರ್ ಹೋದರೆ ಗಾಡಿ ಮಿಸ್ ಹೊಡೆಯುತ್ತದೆ, ಇಲ್ಲಾ ಸ್ಟಾರ್ಟೇ ಆಗುವುದಿಲ್ಲ. ಬರೀ ವಿಟೆಕ್ ಮಾತ್ರ ಹೋಗಿದೆ ಅಂದರೆ ಅದರ ಕೆಲಸ ಅಲ್ಲ. ಇದು ಅಂದಾಜಿನ ಮೇಲೆ ಪಾರ್ಟ್ಸ್ ಹಾಕಿಸುವ ರಿಪೇರಿ.

ದುಡ್ಡು ಖರ್ಚಾಗದೆ ನೋಡುವಂಥವು ಬಹಳ ಇವೆ. ಆಯಿಲ್ ಲೆವೆಲ್ ನೋಡ್ರಿ, ವಿಟೆಕ್ ನಡೆಯೋದೇ ಆಯಿಲ್ ಒತ್ತಡದ ಮೇಲೆ, ಕಡಿಮೆ ಇದ್ದರೆ ಏಳೋದಿಲ್ಲ. ಇಂಜಿನ್ ಪೂರ್ತಿ ಬಿಸಿ ಆಗುತ್ತದಾ ನೋಡ್ರಿ. ಥರ್ಮೋಸ್ಟಾಟ್ ಕಿತ್ತು ಬಿಸಾಕುವ ಚಟ ನಮ್ಮಲ್ಲಿ ಜಾಸ್ತಿ, ಇಂಜಿನ್ ತಣ್ಣಗಿದ್ದರೆ ಇಸಿಯು ವಿಟೆಕ್ ಕೊಡುವುದಿಲ್ಲ. ಸ್ಪೀಡೋಮೀಟರ್ ಮುಳ್ಳು ಸರಿಯಾಗಿ ಏಳುತ್ತದಾ? ಗೇರ್‌ಬಾಕ್ಸ್ ಮೇಲಿನ ಸ್ಪೀಡ್ ಸೆನ್ಸರ್ ಸತ್ತರೆ ಗಾಡಿ ನಿಂತಿದೆ ಅಂತ ಇಸಿಯು ತಿಳಿಯುತ್ತದೆ, ಆಗಲೂ ಕೊಡುವುದಿಲ್ಲ.

ಇವೆಲ್ಲ ಸರಿ ಇದ್ದರೆ ಆಮೇಲೆ ಸೊಲೆನಾಯ್ಡ್. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೆ ಟಕ್ ಅನ್ನಬೇಕು. ಮೀಟರ್‌ನಲ್ಲಿ 14ರಿಂದ 30 ಓಮ್ ಒಳಗೆ ಬರಬೇಕು. ಅದೂ ಸರಿ ಇದ್ದರೆ ಬಿಚ್ಚಿ ಗ್ಯಾಸ್ಕೆಟ್‌ನಲ್ಲಿರುವ ಸಣ್ಣ ಜಾಳಿಗೆ ನೋಡ್ರಿ, ಹಳೇ ಆಯಿಲ್‌ನ ಕಸ ಕಟ್ಟಿ ಮುಚ್ಚಿಹೋಗಿರುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಆಯಿತು, ಸೊಲೆನಾಯ್ಡ್ ಬೇಕಿಲ್ಲ.

ಇನ್ನೊಂದು ಮಾತು, ಈಗ ಕೇಳಿಲ್ಲದಿದ್ದರೂ ಹೇಳಿಬಿಡ್ತೀನಿ. ಬೇಸಿಗೆ ಮಧ್ಯಾಹ್ನ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗದೆ ಸಂಜೆ ತಂಪಾದ ಮೇಲೆ ಆದರೆ, ಅದು ಡ್ಯಾಶ್ ಕೆಳಗಿನ ಮೇನ್ ರಿಲೇ. ಆ ಕಾಲದ ಹೋಂಡಾಗಳಲ್ಲಿ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಹೊಸದು ಹುಡುಕಿಕೊಂಡು ತಿರುಗಬೇಡ್ರಿ, ಟಿವಿ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿದರೆ ಮುಗೀತು.

ತುಮಕೂರು_ಟೈಪ್2

ಸರ್, ಕಾಲಿಗೆ ಬಿದ್ದೆ. ಸ್ಪೀಡೋಮೀಟರ್ ಕೆಲಸ ಮಾಡ್ತಾ ಇಲ್ಲ! ಮೀಟರ್ ಹಾಳಾಗಿದೆ ಅಂತ ಸುಮ್ಮನಿದ್ದೆ, ಸ್ಪೀಡ್ ನೋಡೋಕೆ ಫೋನ್‌ನ ಜಿಪಿಎಸ್ ಇಟ್ಟುಕೊಂಡಿದ್ದೆ. ಎರಡಕ್ಕೂ ಸಂಬಂಧ ಇರುತ್ತದೆ ಅಂತ ಮೆಕ್ಯಾನಿಕ್ಕೂ ಹೇಳಲಿಲ್ಲ.

ಡಿಸ್ಕ್ ಅಳತೆ 262 ಎಂಎಂ. ಕ್ಯಾಲಿಪರ್ ಮೇಲೆ ನಿಸ್ಸಿನ್ ಅಂತ ಅಚ್ಚಿದೆ.

ಗುಜರಿ_ಗುರು, ಬೆಂಗಳೂರು

ಹಾಗಾದರೆ ಬಹುತೇಕ 90ರ ದಶಕದ ಸಿವಿಕ್ ಅಥವಾ ಇಂಟೆಗ್ರಾದ ಬ್ರೇಕ್ ಅದು, 262 ಆ ಕುಟುಂಬದ ಅಳತೆ. ಆ ಪ್ಯಾಡ್‌ಗೆ ಹೊರಗಡೆ ಬರವಿಲ್ಲ, ಪ್ರಪಂಚದ ಎಲ್ಲಾ ಬ್ರೇಕ್ ಕಂಪನಿಗಳೂ ಮಾಡುತ್ತವೆ. ಆದರೆ ಇಲ್ಲಿ "ಸಿವಿಕ್ ಪ್ಯಾಡ್" ಅಂದರೆ 2006ರಲ್ಲಿ ನಮ್ಮಲ್ಲಿಗೆ ಬಂದ ಸಿವಿಕ್‌ದು ಕೊಡುತ್ತಾರೆ, ಅದೇ ಇದು ಅಂದುಕೊಂಡು ತರಬೇಡಿ. ಹಳೇ ಪ್ಯಾಡ್ ಬಿಚ್ಚಿ ಜೇಬಲ್ಲಿ ಇಟ್ಟುಕೊಂಡು ಹೋಗಿ, ಪಕ್ಕದಲ್ಲಿಟ್ಟು ಕಿವಿ, ಉದ್ದ, ದಪ್ಪ ಎಲ್ಲ ಹೊಂದಿಸಿ ನೋಡಿ. ಹಿಂಬದಿಯ ಕಬ್ಬಿಣದ ಪಟ್ಟಿ ಮೇಲೆ ಏನಾದರೂ ನಂಬರ್ ಇದ್ದರೆ ಫೋಟೋ ತೆಗೆದಿಡಿ. ಸಿಕ್ಕಾಗ ಎರಡು ಸೆಟ್ ತಗೊಳ್ಳಿ.

ನಾನು ಮಾಡಿಫೈ ಆದ ಕಾರು ತಗೊಳ್ಳೋ ಎಲ್ಲರಿಗೂ ಇದನ್ನೇ ಹೇಳೋದು. ಆರ್‌ಸಿಯಲ್ಲಿ ಬರೆದಿರೋ ಕಾರು ಬೇರೆ, ನಿಮ್ಮ ಮನೆ ಮುಂದೆ ನಿಂತಿರೋ ಕಾರು ಬೇರೆ. ಒಂದು ಭಾನುವಾರ ಜಾಕ್ ಹಾಕಿ, ಒಂದೊಂದೇ ಚಕ್ರ ಬಿಚ್ಚಿ, ಎಲ್ಲೆಲ್ಲಿ ಏನೇನು ಅಚ್ಚು, ಸ್ಟಿಕರ್, ನಂಬರ್ ಇದೆ ಅಂತ ಫೋಟೋ ತೆಗೆದು ಬರೆದಿಟ್ಟುಕೊಳ್ಳಿ. ಕಾಯಿಲೋವರ್ ಸ್ಪ್ರಿಂಗ್ ಮೇಲೂ ಅಂಕಿ ಇರುತ್ತದೆ, ಒಳಗಿನ ಅಗಲ, ಉದ್ದ, ಗಟ್ಟಿತನ. 8ಕೆ ಅಂತ ಇದ್ದರೆ ಒಂದು ಮಿಲಿಮೀಟರ್ ಒತ್ತೋಕೆ 8 ಕೆಜಿ ಬೇಕು ಅಂತ. ಆ ಅಂಕಿ ಇಲ್ಲದೆ ಯಾರ ಹತ್ತಿರ ಹೋದರೂ ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ. ಸೋರುತ್ತಿರೋ ಡ್ಯಾಂಪರ್ ಬಿಸಾಡಬೇಡಿ, ಶಾಫ್ಟ್ ಗೀರಿಲ್ಲದಿದ್ದರೆ ಸೀಲ್ ಹಾಕಿ ಆಯಿಲ್ ತುಂಬಿಸಿ ಕೊಡೋರು ಕೊಯಮತ್ತೂರಿನಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ರ‍್ಯಾಲಿ ಓಡಿಸೋರನ್ನು ಕೇಳಿದರೆ ದಾರಿ ಹೇಳುತ್ತಾರೆ. ಎರಡೂ ಬದಿ ಒಟ್ಟಿಗೇ ಮಾಡಿಸಿ.

ಕೆಎಲ್_ಕನ್ನಡಿಗ

ನಾನು ಕೌಲಾಲಂಪುರದಲ್ಲಿ ಇದ್ದೇನೆ. ಈ ಚರ್ಚೆ ಮೊದಲೇ ನೋಡಿದ್ದರೆ ನಿಮಗೆ ಜಪಾನ್ ಸೈಟ್ ನೋಡಿ ಕಣ್ಣು ನೋಯಿಸಿಕೊಳ್ಳೋದು ತಪ್ಪುತ್ತಿತ್ತು. ಇಲ್ಲಿ ನಿಮ್ಮದೇ ಸಿಟಿ ಇವತ್ತಿಗೂ ರಸ್ತೆ ಮೇಲೆ ಕಾಣಿಸುತ್ತದೆ. ಹುಡುಗರಿಗೆ ಕಡಿಮೆ ದುಡ್ಡಿಗೆ ಸಿಗುವ ಹೋಂಡಾ ಅದು, ಹಾಗಾಗಿ ಅದಕ್ಕೆ ಬೇಕಾದ ಮಾಡಿಫಿಕೇಶನ್ ಸಾಮಾನೂ ಹಳೆಯದು, ಹೊಸದು ಎರಡೂ ಓಡಾಡುತ್ತಿರುತ್ತವೆ. ಮುದಾಹ್ ಅಂತ ಇಲ್ಲಿನ ಹಳೇ ಸಾಮಾನಿನ ಸೈಟ್, ಮತ್ತೆ ಶಾಪಿ. ಎರಡರಲ್ಲೂ "ಸಿಟಿ ಎಸ್‌ಎಕ್ಸ್8" ಅಂತ ಹಾಕಿ ಹುಡುಕಿ. ಎಸ್‌ಎಕ್ಸ್8 ಅನ್ನೋದೇ ನಿಮ್ಮ ಕಾರಿನ ಕೋಡ್, ಬರೀ ಸಿಟಿ ಅಂದರೆ ಹೊಸ ಸಿಟಿಗಳ ಸಂತೆ ಬರುತ್ತದೆ.

ಇಲ್ಲಿ ಹಾಫ್ ಕಟ್ ಅಂಗಡಿಗಳಿವೆ. ಜಪಾನಿನಿಂದ ಕಾರಿನ ಮುಂಭಾಗ ಕತ್ತರಿಸಿ ತರುತ್ತಾರೆ, ಇಂಜಿನ್, ಗೇರ್‌ಬಾಕ್ಸ್, ವೈರಿಂಗ್, ಇಸಿಯು ಎಲ್ಲ ಒಟ್ಟಿಗೇ ಇರುತ್ತದೆ. ಕ್ಲಾಂಗ್ ಕಡೆ ಹೋದರೆ ಸಾಲಾಗಿ ಇವೆ. ಡಿ15ಬಿ ವಿಟೆಕ್ ಬೇಕು ಅಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಹೆಡ್‌ಲೈಟ್ ಇಲ್ಲಿಂದಲೋ ಥಾಯ್ಲೆಂಡಿನಿಂದಲೋ ತರಿಸಿ. ಎರಡೂ ಕಡೆ ನಮ್ಮ ಹಾಗೇ ಎಡಗಡೆ ಓಡಿಸೋದು, ಬೆಳಕು ಬೀಳೋ ರೀತಿ ಒಂದೇ. ಪ್ಯಾಕಿಂಗ್‌ಗೆ ಮಾತ್ರ ಕಂಜೂಸ್ ಮಾಡಬೇಡಿ. ಲೈಟಿನ ಹಿಂದಿನ ಪ್ಲಾಸ್ಟಿಕ್ ಕಿವಿ ಮುರಿದು ಬಂದರೆ ಗಾಜು ಚೆನ್ನಾಗಿದ್ದು ಪ್ರಯೋಜನ ಇಲ್ಲ. ಟೈಪ್ 1, ಟೈಪ್ 2 ಮುಖ ಬೇರೆ ಬೇರೆ, ಮಾರೋರಿಗೆ ನಿಮ್ಮ ಲೈಟಿನ ಫೋಟೋ ಕಳಿಸಿ ಕೇಳಿ.

ಕುಡ್ಲ_ಕಾಯಿಲೋವರ್

ನಡುಕಕ್ಕೆ ಎಲ್ಲರೂ ಬ್ಯಾಲೆನ್ಸಿಂಗ್ ಅಂತಾರೆ ಮಾರಾಯ್ರೆ, ಚಕ್ರದ ನಡುವಿನ ತೂತು ನೋಡಿದ್ದೀರಾ? ಚಕ್ರ ಕೂರುವ ಹೋಂಡಾ ಹಬ್ 56.1 ಎಂಎಂ. ಆಫ್ಟರ್‌ಮಾರ್ಕೆಟ್ ಅಲಾಯ್‌ನಲ್ಲಿ ತುಂಬಾ ಸಲ 73.1 ಇರುತ್ತದೆ, ಎಲ್ಲಾ ಗಾಡಿಗೂ ಆಗಲಿ ಅಂತ. ಮಧ್ಯೆ ರಿಂಗ್ ಹಾಕದಿದ್ದರೆ ಚಕ್ರ ನಟ್ಟಿನ ಮೇಲೆ ಮಾತ್ರ ಕೂರುತ್ತದೆ, ಒಂದು ಕೂದಲೆಳೆ ಆಚೆ ಈಚೆ ಆದರೂ ನಡುಗುತ್ತದೆ. 73.1ರಿಂದ 56.1ಕ್ಕೆ ರಿಂಗ್ ಆನ್‌ಲೈನ್‌ನಲ್ಲಿ ಉಂಟು, ಇಲ್ಲದಿದ್ದರೆ ಲೇತ್‌ನವರ ಹತ್ತಿರ ಅಲ್ಯುಮಿನಿಯಂನಲ್ಲಿ ಮಾಡಿಸಿ, ಚಿಲ್ಲರೆ ಕೆಲಸ.

ನಟ್ಟೂ ನೋಡಿ. ಹೋಂಡಾ ಕಂಪನಿ ಚಕ್ರದ ನಟ್ಟಿನ ತಲೆ ಗುಂಡಗೆ, ಹೊರಗಿನ ಅಲಾಯ್‌ಗೆ ಬೇಕಾದ್ದು ಕೋನ್ ಥರದ್ದು. ಗುಂಡು ನಟ್ಟು ಹಾಕಿ ಅಲಾಯ್ ಕೂರಿಸಿದ್ದರೆ ಅದು ನಡುಕ ಮಾತ್ರ ಅಲ್ಲ, ದಾರಿಯಲ್ಲಿ ಚಕ್ರ ಸಡಿಲ ಆಗುವ ವಿಷಯ. ಥ್ರೆಡ್ 12 ಇಂಟು 1.5. ಮಾರುತಿ ಸ್ವಿಫ್ಟ್‌ದು 12 ಇಂಟು 1.25, ನೋಡಲಿಕ್ಕೆ ಒಂದೇ ಥರ ಇರುತ್ತದೆ, ಮೊದಲ ಎರಡು ಸುತ್ತು ಹೋಗಿ ಸ್ಟಡ್ ಹಾಳು ಮಾಡುತ್ತದೆ. ಇದು ಇವತ್ತೇ ನೋಡಿ, ಹೆಡ್‌ಲೈಟ್ ಆಮೇಲೆ.

ಅಲಾಯ್ ಅಸಲಿಯಾ ನಕಲಿಯಾ ಅಂತ ತಿಳಿಯಬೇಕಾದರೆ ಒಳಗಡೆ ಜೆಡಬ್ಲ್ಯುಎಲ್ ಮತ್ತು ವಿಐಎ ಅನ್ನುವ ಜಪಾನಿ ಗುಣಮಟ್ಟದ ಅಚ್ಚು ಹುಡುಕಿ. ಅಚ್ಚು ಇದೆ ಅಂತ ಅಸಲಿ ಅನ್ನುವ ಹಾಗಿಲ್ಲ, ಅದನ್ನೂ ನಕಲು ಹೊಡೆಯುತ್ತಾರೆ. ಇಲ್ಲವೇ ಇಲ್ಲ ಅಂದರೆ ದೊಡ್ಡ ಜಪಾನಿ ಹೆಸರು ಹೇಳಿ ಮಾರಿದ್ದು ಸುಳ್ಳು ಅಂತ ಲೆಕ್ಕ.

ನಮ್ಮ ಕಡೆಯವರಿಗೆ ಗಲ್ಫ್ ದಾರಿ ಉಂಟು, ಅಲ್ಲಿ ಅಣ್ಣನೋ ಬಾವನೋ ಇದ್ದೇ ಇರುತ್ತಾರೆ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೇ ಸಾಮಾನಿನ ಯಾರ್ಡ್‌ಗಳೇ ಯಾರ್ಡ್‌ಗಳು. ಬ್ರೇಕ್ ಪ್ಯಾಡ್, ಸೆನ್ಸರ್, ಗ್ಯಾಸ್ಕೆಟ್ ಇಂಥ ಸಣ್ಣ ಸಾಮಾನಿಗೆ ಅಡ್ಡಿಯಿಲ್ಲ. ಲೈಟು, ಸ್ಟೀರಿಂಗ್ ರ‍್ಯಾಕ್, ಡ್ಯಾಶ್ ಹೇಳಬೇಡಿ, ಅಲ್ಲಿಯದು ಎಡಬದಿ ಸ್ಟೀರಿಂಗ್‌ನ ಗಾಡಿ. ಪೆಟ್ರೋಲ್ ಪಂಪ್, ಇಂಜೆಕ್ಟರ್ ಹಳೆಯದು ಲಗೇಜಿಗೆ ಹಾಕಿಕೊಂಡು ಬನ್ನಿ ಅಂತ ಯಾರಿಗೂ ಹೇಳಬೇಡಿ, ವಾಸನೆ ಬಂದರೆ ವಿಮಾನದವರು ಕೆಳಗಿಳಿಸುತ್ತಾರೆ. ಗ್ಯಾಸ್ ತುಂಬಿದ ಡ್ಯಾಂಪರ್‌ಗೂ ತಕರಾರು ತೆಗೆಯುತ್ತಾರೆ.

ಆರ್‌ಸಿ_ರಾಯರು

ಎಲ್ಲರೂ ಸಾಮಾನು ಹೇಳಿದಿರಿ, ಕಾಗದದ ವಿಷಯ ಯಾರೂ ಹೇಳಲಿಲ್ಲ.

2002ರ ಕಾರು. 15 ವರ್ಷಕ್ಕೆ ಒಮ್ಮೆ, ಆಮೇಲೆ 5 ವರ್ಷಕ್ಕೊಮ್ಮೆ ರಿನೀವಲ್. ಅಂದರೆ ನಿಮ್ಮದು 2027ರ ಸುತ್ತಮುತ್ತ ಮತ್ತೆ ಆರ್‌ಟಿಓ ಮುಂದೆ ನಿಲ್ಲಬೇಕು, ಆರ್‌ಸಿ ತೆಗೆದು ತಾರೀಕು ನೋಡಿ. 20 ವರ್ಷ ದಾಟಿದ ಕಾರಿಗೆ ಆ ಫೀಸನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಮಾಡಿದ್ದಾರೆ. ಆ ದಿನಕ್ಕೆ ಹೆಡರ್, ಪಾಡ್ ಫಿಲ್ಟರ್, ಇಳಿಸಿದ ಸಸ್ಪೆನ್ಶನ್ ಎಲ್ಲ ತೆಗೆದು ಸ್ಟಾಕ್ ಹಾಕಲೇಬೇಕಾಗುತ್ತದೆ. ಹಾಗಾಗಿ ಗುಜರಿಯಲ್ಲಿ ಮೊದಲು ಹುಡುಕಬೇಕಾದ್ದು ಸ್ಟಾಕ್ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಏರ್ ಫಿಲ್ಟರ್ ಬಾಕ್ಸ್ ಮತ್ತು ಸ್ಟಾಕ್ ಸ್ಪ್ರಿಂಗ್. ಈಗ ಕಡಿಮೆಗೆ ಸಿಗುತ್ತದೆ, ಆ ವಾರ ಹುಡುಕಿದರೆ ಬಾಯಿಗೆ ಬಂದ ರೇಟು ಹೇಳುತ್ತಾರೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ ಅಂತ ಸೇರಿಸಿದರು. ನಿಮ್ಮ ಕಾರಿನಲ್ಲಿ ಎಷ್ಟು ಬದಲಾವಣೆ ಇದೆ ಅಂತ ನೀವೇ ಮೇಲೆ ಬರೆದಿದ್ದೀರಿ, ಲೆಕ್ಕ ಹಾಕಿಕೊಳ್ಳಿ.

ಗುಜರಿಯಲ್ಲಿ ಇಂಜಿನ್ ಅಥವಾ ದೊಡ್ಡ ಸಾಮಾನು ತಗೊಂಡರೆ ಬಿಲ್ ಕೇಳಿ, ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಕಾಗದ ಕೇಳಿ. ಮೀರತ್‌ನ ಸೋತಿ ಗಂಜ್ ಮಾರುಕಟ್ಟೆ ಗೊತ್ತಲ್ವಾ, ಕದ್ದ ಗಾಡಿ ಬಿಚ್ಚುತ್ತಾರೆ ಅಂತ 2021ರಲ್ಲಿ ಪೊಲೀಸರು ನುಗ್ಗಿ ಬಾಗಿಲು ಹಾಕಿಸಿದರು. ಕದ್ದ ಮಾಲು ತಗೊಂಡವರ ಮೇಲೂ ಕೇಸ್ ಆಗುತ್ತದೆ. ವಿದೇಶದಿಂದ ಬಳಸಿದ ಸಾಮಾನು ತರಿಸೋಕೆ ಕೂಡ ನಿಯಮದ ಪ್ರಕಾರ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ಅನುಮತಿ ಬೇಕು. ಸುಂಕ ಹಾಕೋದು ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಖರ್ಚೂ ಸೇರಿಸಿ. ಭಾರದ ಸಾಮಾನಿಗೆ ಅಲ್ಲೇ ಏಟು ಬೀಳೋದು.

ಹುಬ್ಬಳ್ಳಿ_ಪಾನಾ

ರಾಯರೇ ನೀವು ಹೀಗೆ ಹೆದರಿಸಿದರೆ ಹುಡುಗ ಕಾರೇ ಮಾರಿಬಿಡ್ತಾನೆ. ಆದರೂ ಸ್ಟಾಕ್ ಸಾಮಾನು ಎತ್ತಿಡಬೇಕು ಅನ್ನೋದು ಒಪ್ಪಿದೆ. ಬ್ರೇಕ್ ಮಾತ್ರ ನಾನಾಗಿದ್ದರೆ ಹಿಂದಕ್ಕೆ ಹಾಕುವುದಿಲ್ಲ. ದೊಡ್ಡ ಡಿಸ್ಕ್ ತೆಗೆದು ಸಣ್ಣದು ಹಾಕಿಸಿ ಯಾರಿಗೆ ಏನು ಉಪಕಾರ?

ಆರ್‌ಸಿ_ರಾಯರು

ಉಪಕಾರ ಇಲ್ಲ, ಒಪ್ಪಿದೆ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಆ ಪ್ರಶ್ನೆ ಕೇಳಲ್ಲ ಅಷ್ಟೇ. ಬ್ರೇಕ್ ಬದಲಾಗಿದೆ ಅಂತ ಬರೆದುಕೊಂಡು ಹೋಗುತ್ತಾರೆ.

ತುಮಕೂರು_ಟೈಪ್2

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಟ್ಟು ಬಿಚ್ಚಿ ನೋಡಿದೆ, ಕೋನ್ ಥರದ್ದೇ ಇದೆ, ಸಮಾಧಾನ. ಆದರೆ ರಿಂಗ್ ಇಲ್ಲ. ಅಲಾಯ್ ತೂತು 73.1, ಹಬ್ ಸುತ್ತ ಬೆರಳು ಹೋಗೋ ಅಷ್ಟು ಜಾಗ ಇದೆ. ನಾಳೆ ಲೇತ್‌ನವರ ಹತ್ತಿರ ಹೋಗ್ತೀನಿ.

ಸ್ಪೀಡ್ ಸೆನ್ಸರ್ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಟ್ಟಿದೆ, ಒಂದು ತಂತಿ ಎಳೆದರೆ ಕೈಗೇ ಬಂತು. ಮೊದಲು ಅದನ್ನು ಸರಿ ಮಾಡಿಸಿ ವಿಟೆಕ್ ಏಳುತ್ತದಾ ನೋಡ್ತೀನಿ, ಏಳದಿದ್ದರೆ ಜಾಳಿಗೆ. ಕಾಯಿಲೋವರ್ ಸ್ಪ್ರಿಂಗ್ ಮೇಲಿನ ಸ್ಟಿಕರ್ ಅರ್ಧ ಅಳಿಸಿಹೋಗಿದೆ, ಅಗಲ 62 ಅಂತ ಕಾಣುತ್ತಿದೆ, ಉಳಿದದ್ದು ಅಳೆದು ಹಾಕ್ತೀನಿ.

@ಕೆಎಲ್_ಕನ್ನಡಿಗ ಹೊಸ ಹೆಡ್‌ಲೈಟ್ ಆಫ್ಟರ್‌ಮಾರ್ಕೆಟ್‌ನಲ್ಲಿ ಸಿಗುತ್ತದಾ ಅಲ್ಲಿ, ಇಲ್ಲ ಹಳೆಯದೇ ಗತಿಯಾ? ಹೊಸದಿದ್ದರೆ ಜೋಡಿ ತಗೊಳ್ತೀನಿ, ಒಂದು ಹೊಸದು ಒಂದು ಹಳದಿ ಆದರೆ ಅಸಹ್ಯ ಕಾಣುತ್ತದೆ.

ಕೆಎಲ್_ಕನ್ನಡಿಗ

ಶನಿವಾರ ಅಂಗಡಿ ಕಡೆ ಹೋಗಿ ಕೇಳಿ ಹೇಳ್ತೀನಿ. ನಿಮ್ಮ ಲೈಟಿನ ಹಿಂಬದಿ ಫೋಟೋ ಕಳಿಸಿ, ಬಲ್ಬ್ ಹೋಲ್ಡರ್ ಮತ್ತು ಕಿವಿಗಳು ಕಾಣೋ ಹಾಗೆ.

ಕುಡ್ಲ_ಕಾಯಿಲೋವರ್

ಅಲ್ಲಿಂದ ಕಳಿಸುವುದಾದರೆ ಅದೇ ಡಬ್ಬದಲ್ಲಿ ನನಗೊಂದು ಟೈಪ್ 2 ಎಡಗಡೆ ಇಂಡಿಕೇಟರ್ ಹಾಕಿಸಿ ಮಾರಾಯ್ರೆ, ಹಳೆಯದಾದರೂ ಸಾಕು. ಕೊರಿಯರ್ ಅರ್ಧ ನನ್ನದು.